ಸರ್ಕಾರಿ ಕಂಪನಿ ಇದ್ದ ಕಡೆ ವಿದೇಶಿ ಕಂಪನಿ ನಿಲ್ಲುತ್ತದಾ? ಉದ್ಯಮಬಾಗದ ಓದುಗರಿಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ಎರಡು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಯಂತ್ರ), ಮೂರು ಸಿಎನ್‌ಸಿ ಲೇತ್. ಹೈಡ್ರಾಲಿಕ್ ವಾಲ್ವ್ ಬಾಡಿ, ಫ್ಲ್ಯಾಂಜ್, ಬ್ರಾಕೆಟ್ ಮಾಡುತ್ತೇವೆ. ಯುರೋಪಿನ ಒಂದು ಕಂಪನಿಯವರು ಬಂದು ನಮ್ಮ ಕೆಲಸ ನೋಡಿ ಹೋಗಿದ್ದಾರೆ. ರೈಲಿಗೆ, ವಿಮಾನಕ್ಕೆ ಬೇಕಾದ ಹೈಡ್ರಾಲಿಕ್ ಭಾಗಗಳನ್ನು ಭಾರತದಲ್ಲೇ ಮಾಡಿ ಇಲ್ಲಿನ ಸರ್ಕಾರಿ ಸಂಸ್ಥೆಗಳಿಗೆ ಮಾರುವುದು ಅವರ ಯೋಚನೆ. ನಾವು ಫೈವ್ ಆಕ್ಸಿಸ್ ಮಷಿನ್ (ಒಂದೇ ಸಲ ಹಿಡಿದು ಹಲವು ಕಡೆಯಿಂದ ಕೊರೆಯುವ ಯಂತ್ರ) ಹಾಕಿದರೆ ಕೆಲಸ ಕೊಡುತ್ತೇವೆ ಅಂತಾರೆ. ಅಳತೆಯ ಸಲಕರಣೆ ಎಲ್ಲ ಸೇರಿ ಎರಡು ಕೋಟಿ ದಾಟುತ್ತದೆ. ಬ್ಯಾಂಕಿನವರು ಮನೆ ಅಡ ಕೇಳುತ್ತಿದ್ದಾರೆ. ನಮ್ಮ ಕಾಕಾ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ‘ಸರ್ಕಾರಿ ಕಂಪನಿ ಇದ್ದ ಕಡೆ ಫಾರಿನ್ ಕಂಪನಿ ಬಾಳಲ್ಲ, ನಾಲ್ಕು ವರ್ಷ ಇದ್ದು ಹೋಗ್ತಾರೆ, ನಿನ್ನ ಮನೆ ಹೋಗುತ್ತೆ’ ಅಂತ ಅವರ ಮಾತು. ಗೆಳೆಯನೊಬ್ಬ ಇದಕ್ಕೆ ಉಲ್ಟಾ: ‘ಫಾರಿನ್‌ನವರು ಬಂದರೆ ಸರ್ಕಾರಿ ಕಂಪನಿಗಳೇ ಮುಚ್ಚುತ್ತವೆ, ಈಗಲೇ ಅವರ ಜೊತೆ ಸೇರಿಕೋ’ ಅಂತಾನೆ. ಯಾರ ಮಾತು ಕೇಳಲಿ? ಮಷಿನ್ ತಗೊಳ್ಳಲಾ?

ಉತ್ತರ: ನಮಸ್ಕಾರ. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಸರ್ಕಾರಿ ಕಂಪನಿಗಳು ಹೊಸ ವಿದೇಶಿ ಕಂಪನಿಗಳನ್ನು ಒಳಗೆ ಬಿಡುತ್ತವೆಯಾ ಅನ್ನೋದು ಒಂದು. ಮನೆ ಅಡ ಇಟ್ಟು ಎರಡು ಕೋಟಿ ಹಾಕಬಹುದಾ ಅನ್ನೋದು ಇನ್ನೊಂದು. ಮೊದಲನೆಯದರ ಉತ್ತರ ಹೌದು ಅಂತ ಬಂದರೂ ಎರಡನೆಯದಕ್ಕೆ ಬೇಡ ಅಂತ ಬರಬಹುದು. ಸಣ್ಣ ಕಾರ್ಖಾನೆಗಳ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುವುದು, ಬ್ಯಾಂಕಿನ ಮುಂದೆ ಅವುಗಳ ಪರವಾಗಿ ಕೂರುವುದು ನನ್ನ ಕೆಲಸ. ಈ ಎರಡು ಪ್ರಶ್ನೆಗಳನ್ನು ಒಂದೇ ಅಂದುಕೊಂಡು ಸಾಲಕ್ಕೆ ಬಿದ್ದವರನ್ನು ನೋಡಿದ್ದೇನೆ. ಅದಕ್ಕೇ ಬಿಡಿಸಿ ಹೇಳುತ್ತೇನೆ.

ಮೊದಲು ನಿಮ್ಮ ಕಾಕಾ ಅವರ ಮಾತು. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಅದು ನೂರಕ್ಕೆ ನೂರು ಸರಿ ಇತ್ತು. 1956ರ ಕೈಗಾರಿಕಾ ನೀತಿಯಲ್ಲಿ 17 ಉದ್ಯಮಗಳನ್ನು ಸರ್ಕಾರದ ಕೈಗೇ ಇಟ್ಟಿದ್ದರು. ಕಲ್ಲಿದ್ದಲು, ಉಕ್ಕು, ವಿಮಾನ, ಟೆಲಿಫೋನ್ ಎಲ್ಲ ಅದರಲ್ಲಿ ಬರುತ್ತಿದ್ದವು. ಅಲ್ಲಿಗೆ ವಿದೇಶಿ ಕಂಪನಿ ಇರಲಿ, ನಮ್ಮ ಖಾಸಗಿಯವರೂ ಸಾಮಾನ್ಯವಾಗಿ ಹೊಸದಾಗಿ ಕಾಲಿಡುವಂತಿರಲಿಲ್ಲ. ಉಳಿದ ಕಡೆಯೂ 1973ರ ವಿದೇಶಿ ವಿನಿಮಯ ಕಾಯ್ದೆ ಬಂದ ಮೇಲೆ ವಿದೇಶಿ ಪಾಲು ಇಳಿಸಲೇಬೇಕಾಯಿತು. ಒಪ್ಪದ ಐಬಿಎಂ 1978ರಲ್ಲಿ ಹೊರಟುಹೋಯಿತು. ಅದು ಬಿಟ್ಟುಹೋದ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸ ಸಿಎಂಸಿ ಅನ್ನುವ ಸರ್ಕಾರಿ ಕಂಪನಿಗೆ ಬಂತು. ಇಂಥದ್ದನ್ನೆಲ್ಲ ಕಣ್ಣಾರೆ ಕಂಡವರಿಗೆ ನಂಬಿಕೆ ಬದಲಾಗುವುದು ಕಷ್ಟ. 1991ರಲ್ಲಿ ಆ 17ರ ಪಟ್ಟಿ 8ಕ್ಕೆ ಇಳಿಯಿತು, ಆಮೇಲೆ ಇನ್ನೂ ಕರಗಿತು. ರಕ್ಷಣಾ ತಯಾರಿಕೆ ಖಾಸಗಿಯವರಿಗೆ ತೆರೆದಿದ್ದು 2001ರಲ್ಲಿ. ಆಗ ವಿದೇಶಿ ಪಾಲಿನ ಮಿತಿ ಶೇಕಡಾ 26. 2020ರಿಂದ ಹೊಸ ಲೈಸೆನ್ಸ್ ಕೇಳುವವರಿಗೆ ಶೇಕಡಾ 74ರ ತನಕ ನೇರ ದಾರಿ ಇದೆ, ಅದಕ್ಕಿಂತ ಜಾಸ್ತಿ ಬೇಕಾದರೆ ಸರ್ಕಾರದ ಒಪ್ಪಿಗೆ ಬೇಕು. ಅಂದರೆ ಕಾನೂನಿನ ಬಾಗಿಲು ಈಗ ತೆರೆದಿದೆ.

ಬಾಗಿಲು ತೆರೆದಿದ್ದರೂ ಕೆಲವು ಕಡೆ ಒಳಗೆ ಬಂದವರು ನಿಲ್ಲಲಾಗುವುದಿಲ್ಲ. ಪೆಟ್ರೋಲ್ ಬಂಕ್‌ಗಳ ಕಥೆ ನೋಡಿ. 2004ರ ಆಚೀಚೆ ರಿಲಯನ್ಸ್, ಎಸ್ಸಾರ್, ವಿದೇಶಿ ಶೆಲ್ ಎಲ್ಲರೂ ಬಂಕ್ ತೆರೆಯಲು ಶುರು ಮಾಡಿದರು. ಕಚ್ಚಾ ತೈಲದ ಬೆಲೆ ಏರುತ್ತಾ ಹೋಗಿ 2008ರಲ್ಲಿ ಬ್ಯಾರೆಲ್‌ಗೆ 140 ಡಾಲರ್ ದಾಟಿತು. ಇಂಡಿಯನ್ ಆಯಿಲ್, ಬಿಪಿಸಿಎಲ್, ಎಚ್‌ಪಿಸಿಎಲ್ ಮೂರೂ ಸರ್ಕಾರ ಹೇಳಿದ ಕಡಿಮೆ ಬೆಲೆಗೇ ಮಾರಿದವು. ಅವುಗಳ ನಷ್ಟವನ್ನು ಸರ್ಕಾರ ಬಾಂಡ್ ಕೊಟ್ಟು ತುಂಬಿಕೊಡುತ್ತಿತ್ತು. ಖಾಸಗಿಯವರಿಗೆ ಆ ಪರಿಹಾರ ಇರಲಿಲ್ಲ. ರಸ್ತೆಯ ಆಚೆ ಬದಿಯ ಬಂಕ್‌ನಲ್ಲಿ ಡೀಸೆಲ್ ಅಗ್ಗ ಇದ್ದರೆ ಲಾರಿಯವರು ಈಚೆ ಬರುತ್ತಾರಾ? ರಿಲಯನ್ಸ್ ಆ ವರ್ಷ ತನ್ನ ಬಂಕ್‌ಗಳನ್ನೇ ಮುಚ್ಚಿತು. ಅಷ್ಟು ದೊಡ್ಡ ಮನೆ ಬಾಗಿಲು ಹಾಕಿದ ಮೇಲೆ ಹೊಸ ವಿದೇಶಿಯವರು ಯಾಕೆ ಬರುತ್ತಾರೆ? 2010ರಲ್ಲಿ ಪೆಟ್ರೋಲ್ ಬೆಲೆ, 2014ರಲ್ಲಿ ಡೀಸೆಲ್ ಬೆಲೆ ಸರ್ಕಾರದ ಹಿಡಿತದಿಂದ ಹೊರಬಂತು. ಅದಾದ ಮೇಲೆ 2017ರಲ್ಲಿ ರಷ್ಯಾದ ರಾಸ್ನೆಫ್ಟ್ ಮತ್ತು ಜೊತೆಗಾರರು ಎಸ್ಸಾರ್ ಆಯಿಲ್ ಕೊಂಡರು, 2020ರಲ್ಲಿ ಬ್ರಿಟನ್ನಿನ ಬಿಪಿ ರಿಲಯನ್ಸ್ ಜೊತೆ ಬಂತು. ಸರ್ಕಾರಿ ತೈಲ ಕಂಪನಿಗಳು ಆಗಲೂ ಇದ್ದವು, ಈಗಲೂ ಇವೆ, ಮಾರುಕಟ್ಟೆಯ ದೊಡ್ಡ ಪಾಲು ಅವರದೇ. ಬದಲಾಗಿದ್ದು ಬೆಲೆಯನ್ನು ಯಾರು ಕಟ್ಟಿಹಾಕುತ್ತಾರೆ ಅನ್ನೋದು.

ನನ್ನ ಅನುಭವದಲ್ಲಿ ವಿದೇಶಿ ಕಂಪನಿಯವರು ಸರ್ಕಾರಿ ಪ್ರತಿಸ್ಪರ್ಧಿ ಎಷ್ಟು ದೊಡ್ಡವನು ಅಂತ ಕೇಳುವುದು ಕಡಿಮೆ. ಅವನು ನಷ್ಟ ಮಾಡಿಕೊಂಡೂ ಎಷ್ಟು ದಿನ ಮಾರಬಲ್ಲ ಅಂತ ಕೇಳುತ್ತಾರೆ. ಬಿಎಸ್‌ಎನ್‌ಎಲ್‌ಗೆ 2019, 2022, 2023ರಲ್ಲಿ ಕೇಂದ್ರ ಸರ್ಕಾರ ಒಂದರ ಮೇಲೊಂದು ನೆರವಿನ ಪ್ಯಾಕೇಜ್ ಕೊಟ್ಟಿತು. ಹಳ್ಳಿಗಳಿಗೆ, ಗಡಿಗೆ ಸಿಗ್ನಲ್ ತಲುಪಿಸುವ ಹೊಣೆ ಹೊತ್ತ ಸಂಸ್ಥೆಗೆ ನೆರವು ಬೇಕು ಅನ್ನುವವರಲ್ಲಿ ನಾನೂ ಒಬ್ಬ. ಆದರೆ ಲಾಭ ಮಾಡಲೇಬೇಕಾದ ಕಂಪನಿಯವನು, ಲಾಭ ಮಾಡದಿದ್ದರೂ ನಡೆಯುವ ಕಂಪನಿಯ ಎದುರು ದುಡ್ಡು ಹಾಕುವಾಗ ಹತ್ತು ಸಲ ಯೋಚಿಸುತ್ತಾನೆ. ಸರ್ಕಾರಿ ಕಂಪನಿಗೆ ಸಾಲವೂ ಅಗ್ಗಕ್ಕೆ ಸಿಗುತ್ತದೆ, ಹಿಂದೆ ಸರ್ಕಾರ ಇದೆ ಅಂತ ಬ್ಯಾಂಕಿಗೆ ಧೈರ್ಯ. ಎಲ್‌ಐಸಿ ಪಾಲಿಸಿಗಂತೂ ಕಾಯ್ದೆಯಲ್ಲೇ ಸರ್ಕಾರದ ಖಾತರಿ ಇದೆ.

ಆದರೂ ಎಲ್‌ಐಸಿ ಎದುರು ವಿದೇಶಿಯವರು ಬಂದರಲ್ವಾ? 2000ದಲ್ಲಿ ವಿಮೆ ಕ್ಷೇತ್ರ ತೆರೆದಾಗ ಬ್ರಿಟನ್ನಿನ ಪ್ರುಡೆನ್ಷಿಯಲ್ ಐಸಿಐಸಿಐ ಜೊತೆ, ಸ್ಟ್ಯಾಂಡರ್ಡ್ ಲೈಫ್ ಎಚ್‌ಡಿಎಫ್‌ಸಿ ಜೊತೆ ಬಂದವು. ವಿದೇಶಿ ಪಾಲು ಮೊದಲು ಶೇಕಡಾ 26, 2015ರಲ್ಲಿ 49, 2021ರಲ್ಲಿ 74 ಆಯಿತು. ಆಸ್ಟ್ರೇಲಿಯಾದ ಎಎಂಪಿ ಮಾತ್ರ 2005ರಲ್ಲೇ ಮಾರಿ ಹೋಯಿತು. ಇದರಲ್ಲಿ ನಿಮಗೆ ಬೇಕಾದ ಒಂದು ಸಂಗತಿ ಇದೆ. ಸರ್ಕಾರಿ ಸಂಸ್ಥೆ ಬಲವಾಗಿರುವ ಕಡೆ ವಿದೇಶಿಯವರು ಹೆಚ್ಚಾಗಿ ಒಬ್ಬರೇ ಬರುವುದಿಲ್ಲ. ಇಲ್ಲಿನ ಜನ, ಇಲ್ಲಿನ ಕಚೇರಿ, ಇಲ್ಲಿನ ಪದ್ಧತಿ ಗೊತ್ತಿರುವವರನ್ನು ಹುಡುಕಿಕೊಂಡು ಬರುತ್ತಾರೆ. ನಿಮ್ಮ ಬಾಗಿಲಿಗೂ ಹಾಗೆಯೇ ಬಂದಿದ್ದಾರೆ.

‘ಫಾರಿನ್ ಕಂಪನಿ ಬಂದು ಹೋಗ್ತಾರೆ’ ಅನ್ನೋದಕ್ಕೆ ಎಲ್ಲರೂ ಮೊಬೈಲ್ ಕಂಪನಿಗಳನ್ನು ತೋರಿಸುತ್ತಾರೆ. ನಾರ್ವೆಯ ಟೆಲಿನಾರ್, ಅಬುಧಾಬಿಯ ಎಟಿಸಲಾಟ್ ಹೋಗಿದ್ದು ನಿಜ. ಆದರೆ ಅವರನ್ನು ಬಿಎಸ್‌ಎನ್‌ಎಲ್ ಓಡಿಸಲಿಲ್ಲ. ಫೆಬ್ರವರಿ 2012ರಲ್ಲಿ ಸುಪ್ರೀಂ ಕೋರ್ಟ್ 122 ಲೈಸೆನ್ಸ್‌ಗಳನ್ನು ರದ್ದು ಮಾಡಿತು. ಎಟಿಸಲಾಟ್ ಅಲ್ಲಿಗೇ ನಿಂತಿತು. ಟೆಲಿನಾರ್ ಮತ್ತೆ ಹಣ ಹಾಕಿ ಉಳಿದುಕೊಂಡಿತು. 2016ರಲ್ಲಿ ಜಿಯೋ ಬಂದ ಮೇಲೆ ದರ ಸಮರ ಶುರುವಾಯಿತು, ಮುಂದಿನ ವರ್ಷ ಏರ್‌ಟೆಲ್‌ಗೆ ಮಾರಿ ಹೊರಡಲು ಒಪ್ಪಂದ ಮಾಡಿಕೊಂಡಿತು. ಕೋರ್ಟ್ ತೀರ್ಪು, ಖಾಸಗಿಯವರ ಪೈಪೋಟಿ ಇವೇ ಅಲ್ಲಿನ ಕಾರಣ.

ಇನ್ನು ನಿಮ್ಮ ಗೆಳೆಯರ ಮಾತು. ವಿದೇಶಿಯವರು ಬಂದರೆ ಸರ್ಕಾರಿ ಕಂಪನಿಗಳು ಮುಚ್ಚುತ್ತವೆ ಅನ್ನೋದಕ್ಕೆ ಎಚ್‌ಎಂಟಿ ವಾಚ್ ಹೆಸರು ಹೇಳುತ್ತಾರೆ. ಎಚ್‌ಎಂಟಿ ಶುರುವಾಗಿದ್ದೇ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ತಂತ್ರಜ್ಞಾನದಿಂದ. ವಾಚ್ ಕಲಿಸಿದ್ದು ಜಪಾನಿನ ಸಿಟಿಜನ್. ಅದರ ಮಾರುಕಟ್ಟೆಯನ್ನು ಕಿತ್ತುಕೊಂಡಿದ್ದು ಟೈಟನ್. ಅದು ಟಾಟಾದವರು ತಮಿಳುನಾಡು ಸರ್ಕಾರದ ನಿಗಮದ ಜೊತೆ 1984ರಲ್ಲಿ ಕಟ್ಟಿದ ದೇಶಿ ಕಂಪನಿ. ಹಾಗೆಯೇ ವಿಮಾನ ಮಾಡುವ ಸರ್ಕಾರಿ ಕಂಪನಿ ಎಚ್‌ಎಎಲ್ ಮುಚ್ಚುತ್ತದೆ ಅಂತ ಲೆಕ್ಕ ಹಾಕಿ ಯಾರೂ ಮಷಿನ್ ಕೊಳ್ಳಬೇಡಿ. ಅದರ ಕೈಯಲ್ಲಿ ವರ್ಷಗಟ್ಟಲೆ ಮುಗಿಯದಷ್ಟು ಆರ್ಡರ್ ಇದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸರ್ಕಾರಿ ಕಂಪನಿ ವಿದೇಶಿಯವರ ಎದುರು ಯಾವ ಜಾಗದಲ್ಲಿ ಕೂತಿದೆ ಅನ್ನೋದನ್ನು ಮೊದಲು ನೋಡಬೇಕು. ಅದೇ ಮಾಲು ಮಾರುವ ಪ್ರತಿಸ್ಪರ್ಧಿಯಾ? ಮಾಲು ಕೊಳ್ಳುವ ಗಿರಾಕಿಯಾ? ಅಥವಾ ಜೊತೆಗಾರನಾ? ಪೆಟ್ರೋಲ್‌ನಲ್ಲಿ ಅದು ಪ್ರತಿಸ್ಪರ್ಧಿ. ಕಾರಿನಲ್ಲಿ ಜೊತೆಗಾರ: 1981ರಲ್ಲಿ ಹುಟ್ಟಿದ ಮಾರುತಿ ಸರ್ಕಾರಿ ಕಂಪನಿ, ಸುಜುಕಿ ಭಾರತಕ್ಕೆ ಬಂದಿದ್ದು ಅದರ ಕೈ ಹಿಡಿದೇ. ನಿಮ್ಮ ಯುರೋಪಿನವರಿಗೆ ಸರ್ಕಾರಿ ಸಂಸ್ಥೆ ಗಿರಾಕಿ. ಕಾಕಾ ಹೇಳುವ ಭಯ ಹೆಚ್ಚಾಗಿ ಮೊದಲನೆಯ ಜಾಗಕ್ಕೆ ಸೇರಿದ್ದು. ಗಿರಾಕಿಯ ಜಾಗದಲ್ಲಿ ಅಪಾಯ ಬೇರೆ ಥರ ಇರುತ್ತದೆ.

ಅದಕ್ಕೆ ನಮ್ಮ ವಿಜಯಪುರ ಜಿಲ್ಲೆಯ ಕೂಡಗಿಗಿಂತ ಒಳ್ಳೆ ಉದಾಹರಣೆ ಇಲ್ಲ. ಅಲ್ಲಿರುವ ಸರ್ಕಾರಿ ವಿದ್ಯುತ್ ಕಂಪನಿ ಎನ್‌ಟಿಪಿಸಿಯ ಸ್ಥಾವರದಲ್ಲಿ 800 ಮೆಗಾವಾಟ್‌ನ ಮೂರು ಘಟಕಗಳಿವೆ, ಒಟ್ಟು 2,400 ಮೆಗಾವಾಟ್. ಬಾಯ್ಲರ್ ಕೊಟ್ಟಿದ್ದು ಕೊರಿಯಾದ ಡೂಸಾನ್, ಟರ್ಬೈನ್ ಕೊಟ್ಟಿದ್ದು ಜಪಾನಿನ ತೋಷಿಬಾ ಗುಂಪು. ಅದಕ್ಕೆ ಮುಂಚೆ ದೇಶದ ಹೆಚ್ಚಿನ ವಿದ್ಯುತ್ ಸ್ಥಾವರಗಳಿಗೆ ಈ ಮಾಲು ಕೊಡುತ್ತಿದ್ದುದು ಸರ್ಕಾರಿ ಬಿಎಚ್‌ಇಎಲ್. ಒಬ್ಬರನ್ನೇ ನೆಚ್ಚಿಕೊಂಡರೆ ತಡವಾಗುತ್ತದೆ, ಬೆಲೆಯೂ ಇಳಿಯುವುದಿಲ್ಲ ಅಂತ ಹಲವು ಸ್ಥಾವರಗಳ ಬೇಡಿಕೆ ಸೇರಿಸಿ ದೊಡ್ಡ ಟೆಂಡರ್ ಕರೆದರು. ಗೆದ್ದವರು ಹಂತ ಹಂತವಾಗಿ ಭಾರತದಲ್ಲೇ ತಯಾರಿಕೆ ಶುರು ಮಾಡಬೇಕು ಅಂತ ಷರತ್ತೂ ಹಾಕಿದರು. ತೋಷಿಬಾ ಜೆಎಸ್‌ಡಬ್ಲ್ಯೂ ಜೊತೆ ಸೇರಿ ಚೆನ್ನೈ ಬಳಿ ಕಾರ್ಖಾನೆ ಹಾಕಿತು. ನೋಡಿ, ಒಂದು ಸರ್ಕಾರಿ ಕಂಪನಿ ಗಟ್ಟಿಯಾಗಿ ಹಿಡಿದಿದ್ದ ಮಾರುಕಟ್ಟೆಯನ್ನು ಇನ್ನೊಂದು ಸರ್ಕಾರಿ ಕಂಪನಿಯೇ ವಿದೇಶಿಯವರಿಗೆ ತೆರೆಯಿತು. ‘ಸರ್ಕಾರಿ’ ಅಂತ ಒಂದೇ ಹೆಸರಿಟ್ಟು ಎಲ್ಲವನ್ನೂ ಒಂದೇ ಗುಂಪಿಗೆ ಸೇರಿಸಿದರೆ ಇದು ಕಾಣುವುದೇ ಇಲ್ಲ.

ಆಮೇಲೇನಾಯಿತು? ಹೊಸ ಕಲ್ಲಿದ್ದಲು ಸ್ಥಾವರಗಳ ಆರ್ಡರ್ ಹಲವು ವರ್ಷ ಬತ್ತಿಹೋಯಿತು. ದೇಶದಲ್ಲಿ ಕಟ್ಟಿದ ಟರ್ಬೈನ್, ಬಾಯ್ಲರ್ ಕಾರ್ಖಾನೆಗಳ ಸಾಮರ್ಥ್ಯಕ್ಕೆ ತಕ್ಕ ಕೆಲಸ ಇರಲಿಲ್ಲ. ದೊಡ್ಡ ಕಂಪನಿಗೆ ಬೇರೆ ಬೇರೆ ದೇಶದಲ್ಲಿ ವ್ಯವಹಾರ ಇರುತ್ತದೆ, ತಡೆದುಕೊಳ್ಳುತ್ತದೆ. ಅದನ್ನೇ ನೆಚ್ಚಿ ಮಷಿನ್ ಹಾಕಿದ ಸಣ್ಣ ವೆಂಡರ್‌ಗೆ ತಿಂಗಳ ಕಂತು ಕಾಯುವುದಿಲ್ಲ. ಗಿರಾಕಿ ಒಬ್ಬನೇ ಆಗಿದ್ದು, ಅವನು ಸರ್ಕಾರಿಯಾಗಿದ್ದರೆ, ಆರ್ಡರ್ ಬಂದಾಗ ಮಳೆಯ ಹಾಗೆ ಬರುತ್ತದೆ, ನಿಂತಾಗ ಪೂರ್ತಿ ನಿಲ್ಲುತ್ತದೆ. ನಿಮ್ಮ ಅಪಾಯ ಇದು.

ವಿಮಾನದಲ್ಲೂ ಹೀಗೇ. ಫೆಬ್ರವರಿ 2021ರಲ್ಲಿ 83 ತೇಜಸ್ ವಿಮಾನಗಳಿಗೆ ಎಚ್‌ಎಎಲ್ ಜೊತೆ ಒಪ್ಪಂದ ಆಯಿತು. ಎಂಜಿನ್ ಅಮೆರಿಕದ ಜಿಇಯಿಂದ ಬರಬೇಕಿತ್ತು. ಮೊದಲ ಎಂಜಿನ್ ಸಿಕ್ಕಿದ್ದು ಮಾರ್ಚ್ 2025ರಲ್ಲಿ. ತಪ್ಪು ಎಚ್‌ಎಎಲ್‌ನದೋ ಜಿಇಯದೋ ಅನ್ನೋ ಚರ್ಚೆ ನಿಮ್ಮ ಕಂತು ಕಟ್ಟುವುದಿಲ್ಲ. ಮೇಲೆ ಎಲ್ಲೋ ಒಂದು ಭಾಗ ತಡವಾದರೆ ಕೆಳಗಿನ ಎಲ್ಲರ ಬಿಲ್ಲೂ ತಡವಾಗುತ್ತದೆ ಅನ್ನೋದನ್ನು ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ದಾರಿಯಲ್ಲಿ ಬಂದ ವಿದೇಶಿಯವರನ್ನು ನೋಡಲು ನೀವು ದೂರ ಹೋಗಬೇಕಿಲ್ಲ. ಹೆದ್ದಾರಿಯಲ್ಲಿ ಹತ್ತರಗಿಗೆ ಹೋದರೆ ಸಾಕು. ಅಲ್ಲಿನ ಏಕಸ್ ವಿಶೇಷ ಆರ್ಥಿಕ ವಲಯಕ್ಕೆ ಕೆನಡಾದ ಮೆಜೆಲನ್, ಫ್ರಾನ್ಸಿನ ಒಬೇರ್ ಎಂಡ್ ದುವಾಲ್ ಪಾಲುದಾರರಾಗಿ ಬಂದರು. ಅಲ್ಲಿನ ಕೆಲಸ ಹೆಚ್ಚಾಗಿ ಏರ್‌ಬಸ್‌ನಂಥ ಹೊರದೇಶದ ಗಿರಾಕಿಗಳಿಗೆ, ರಫ್ತಿಗೆ. ಸರ್ಕಾರಿ ಟೆಂಡರ್ ನೆಚ್ಚಿಕೊಂಡು ಅವರು ಬರಲಿಲ್ಲ. ಹಾಗಂತ ಸರ್ಕಾರಿ ಸಂಸ್ಥೆಗಳಿಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನಬೇಡಿ. ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್‌ಗಳು ದಶಕಗಟ್ಟಲೆ ಈ ರಾಜ್ಯದಲ್ಲಿ ಫಿಟ್ಟರ್, ಟರ್ನರ್, ಇನ್‌ಸ್ಪೆಕ್ಟರ್‌ಗಳನ್ನು ತಯಾರು ಮಾಡಿದವು. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿ ಟೂಲ್‌ರೂಮ್ ತರಬೇತಿ ಕೊಟ್ಟಿತು, ಬೆಳಗಾವಿಯಲ್ಲೂ ಅದರ ಕೇಂದ್ರ ಇದೆ. ಮೈಕ್ರಾನ್ ಓದಬಲ್ಲ ಕೈಗಳು ಇಲ್ಲಿವೆ ಅಂತಲೇ ವಿದೇಶಿಯವರು ಈ ಕಡೆ ನೋಡುತ್ತಾರೆ. ಸರ್ಕಾರಿ ಕಂಪನಿಗಳ ಈ ಕೊಡುಗೆ ಯಾವ ಲೆಕ್ಕಪತ್ರದಲ್ಲೂ ಬರುವುದಿಲ್ಲ. ಅದನ್ನು ಮರೆತು ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಕಬ್ಬಿನ ಸೀಮೆಯದೂ ಒಂದು ಮಾತು. ಸವದತ್ತಿ ತಾಲೂಕಿನ ಮುನವಳ್ಳಿಯಲ್ಲಿ ಕಾರ್ಖಾನೆ ಇರುವ ರೇಣುಕಾ ಶುಗರ್ಸ್‌ಗೆ ಸಿಂಗಪುರದ ವಿಲ್ಮರ್ 2014ರಲ್ಲಿ ಪಾಲುದಾರನಾಗಿ ಬಂತು, 2018ರಲ್ಲಿ ಕಂಪನಿಯ ಹಿಡಿತವೇ ಅದರ ಕೈಗೆ ಹೋಯಿತು. ಅಲ್ಲಿ ಆಗುವ ಎಥೆನಾಲ್‌ಗೆ ದೊಡ್ಡ ಗಿರಾಕಿ ಸರ್ಕಾರಿ ತೈಲ ಕಂಪನಿಗಳು, ಬೆಲೆ ಗೊತ್ತುಮಾಡುವುದು ಕೇಂದ್ರ. ಖಚಿತ ಗಿರಾಕಿ, ಖಚಿತ ಬೆಲೆ ಇದ್ದರೆ ದುಡ್ಡು ಹಾಕುವವರಿಗೆ ಧೈರ್ಯ ಬರುತ್ತದೆ. ಆದರೆ ಡಿಸೆಂಬರ್ 2023ರಲ್ಲಿ ಸಕ್ಕರೆ ಕಡಿಮೆಯಾಗುವ ಭಯದಿಂದ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡಬೇಡಿ ಅಂತ ಕೇಂದ್ರದ ಆದೇಶ ಬಂತು. ಕೆಲವೇ ದಿನದಲ್ಲಿ ಸ್ವಲ್ಪ ಸಡಿಲಿಸಿದರು, 2024ರ ಆಗಸ್ಟ್‌ನಲ್ಲಿ ಪೂರ್ತಿ ತೆಗೆದರು. ಆ ಎಂಟು ತಿಂಗಳು ಡಿಸ್ಟಿಲರಿಗೆ ಹೊಸದಾಗಿ ಸಾಲ ತಂದವರು ಹೇಗೆ ಒದ್ದಾಡಿದರು ಅಂತ ಬೆಳಗಾವಿ, ಬಾಗಲಕೋಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ವಿದೇಶಿ ಮಾಲೀಕನಿಗೂ ದೇಶಿ ಮಾಲೀಕನಿಗೂ ಆಗ ಒಂದೇ ಕಷ್ಟ.

ಈಗ ನಿಮ್ಮ ಯುರೋಪಿನವರು ಒಳಗೆ ಬರುವ ದಾರಿಯಲ್ಲಿ ನಿಜಕ್ಕೂ ಏನೇನು ಅಡ್ಡ ಬರುತ್ತದೆ ಹೇಳುತ್ತೇನೆ. ಅದು ಟೆಂಡರ್ ಪುಸ್ತಕದ ಒಳಗಿದೆ.

ಮೊದಲನೆಯದು ಅನುಭವದ ಷರತ್ತು. ಇದೇ ಥರದ ಮಾಲನ್ನು ಇಂತಿಷ್ಟು ವರ್ಷ ಕೊಟ್ಟಿರಬೇಕು, ಅದು ಚೆನ್ನಾಗಿ ಕೆಲಸ ಮಾಡಿದೆ ಅಂತ ಬಳಕೆದಾರರ ಪತ್ರ ಇರಬೇಕು. ಹೊಸಬನಿಗೆ ಇದೇ ದೊಡ್ಡ ಗೋಡೆ. ರೈಲ್ವೆಯಲ್ಲಿ (ಅದು ಕಂಪನಿಯಲ್ಲ, ಸರ್ಕಾರದ ಇಲಾಖೆ) ಮುಖ್ಯ ಭಾಗಗಳಿಗೆ ಲಖನೌದಲ್ಲಿರುವ ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ಒಪ್ಪಿಗೆ ಬೇಕು. ಮೊದಲು ಡೆವಲಪ್‌ಮೆಂಟಲ್ ವೆಂಡರ್ ಪಟ್ಟಿಗೆ ಸೇರಬೇಕು. ಆ ಪಟ್ಟಿಯಲ್ಲಿರುವವರಿಗೆ ಸಿಗುವುದು ಒಟ್ಟು ಆರ್ಡರ್‌ನ ಸಣ್ಣ ಪಾಲು. ಮಾಲು ಗಾಡಿಯಲ್ಲಿ ಓಡಿ, ದೂರು ಬರದೆ ಸಾಬೀತಾದ ಮೇಲೆ ಪೂರ್ಣ ಒಪ್ಪಿಗೆ. ಬ್ರೇಕ್, ಹೈಡ್ರಾಲಿಕ್‌ನಂಥ ಭಾಗಗಳಿಗೆ ಇದು ಬೇಕೇ ಬೇಕು, ಜನರ ಜೀವದ ಪ್ರಶ್ನೆ. ಆದರೆ ಅದಕ್ಕೆ ವರ್ಷಗಳು ಹಿಡಿಯುತ್ತವೆ. ಯುರೋಪಿನವರು ಕೊಟ್ಟ ವೇಳಾಪಟ್ಟಿಯಲ್ಲಿ ಈ ವರ್ಷಗಳು ಸೇರಿವೆಯಾ ಕೇಳಿ.

ಎರಡನೆಯದು ಸ್ಥಳೀಯ ಅಂಶದ ನಿಯಮ, ಇದು 2017ರ ಆದೇಶದ್ದು. ಬೆಲೆಯಲ್ಲಿ ಶೇಕಡಾ 50 ಅಥವಾ ಅದಕ್ಕಿಂತ ಜಾಸ್ತಿ ಇಲ್ಲೇ ಆದದ್ದಿದ್ದರೆ ಮೊದಲ ದರ್ಜೆಯ ಸ್ಥಳೀಯ ಸರಬರಾಜುದಾರ, 20ರಿಂದ 50ರ ಒಳಗೆ ಇದ್ದರೆ ಎರಡನೇ ದರ್ಜೆ. ಖರೀದಿಯಲ್ಲಿ ಮೊದಲ ದರ್ಜೆಯವರಿಗೆ ಆದ್ಯತೆ. 200 ಕೋಟಿ ರೂಪಾಯಿವರೆಗಿನ ಖರೀದಿಗೆ 2020ರಿಂದ ಸಾಮಾನ್ಯವಾಗಿ ಜಾಗತಿಕ ಟೆಂಡರ್ ಕರೆಯುವಂತಿಲ್ಲ. ಇದನ್ನು ನಿಮ್ಮ ಶಾಪ್‌ನ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ವಾಲ್ವ್ ಜೋಡಣೆಯ ಬೆಲೆ 100 ರೂಪಾಯಿ ಅಂತಿಟ್ಟುಕೊಳ್ಳಿ. ಬಾಡಿ, ಸ್ಪೂಲ್, ಸೀಲ್ ಎಲ್ಲ ಹೊರಗಿಂದ ತಂದರೆ 70 ರೂಪಾಯಿ ಆಮದು. ಉಳಿದ 30 ಸ್ಥಳೀಯ, ಎರಡನೇ ದರ್ಜೆ. ಬಾಡಿಯ ಕಾಸ್ಟಿಂಗ್ ಇಲ್ಲಿನ ಫೌಂಡ್ರಿಯಲ್ಲಿ ಎರೆದು, ನಿಮ್ಮಲ್ಲಿ ಮಷಿನಿಂಗ್ ಮಾಡಿಸಿ, ಆಮದು 45ಕ್ಕೆ ಇಳಿದರೆ ಸ್ಥಳೀಯ ಅಂಶ 55. ಅಲ್ಲಿಗೆ ಅವರು ಮೊದಲ ದರ್ಜೆ. ಅಂದರೆ ನಿಮ್ಮ ಕೆಲಸ ಅವರಿಗೆ ಬರೀ ಅಗ್ಗದ ಮಷಿನಿಂಗ್ ಅಲ್ಲ, ಟೆಂಡರ್‌ನಲ್ಲಿ ಸಿಗುವ ಆದ್ಯತೆಯೇ ಅದರಿಂದ ಬರುತ್ತದೆ. ದರ ಮಾತಾಡುವಾಗ ಇದನ್ನು ನೆನಪಿಡಿ. ಗಂಟೆಗೆ ಇಷ್ಟು ರೂಪಾಯಿ ಅಂತ ಜಾಬ್ ವರ್ಕ್ ರೇಟ್ ಹೇಳಿ ಸುಮ್ನೆ ಕೂರಬೇಡಿ. ನೀವಿಲ್ಲದೆ ಅವರು ಎಲ್ಲಿ ನಿಲ್ಲುತ್ತಾರೆ ಅಂತ ಅವರಿಗೂ ಗೊತ್ತು.

ಮೂರನೆಯದು ಬೆಲೆ. ಟೆಕ್ನಿಕಲ್ ಬಿಡ್‌ನಲ್ಲಿ ಪಾಸಾದ ಮೇಲೆ ಸಾಮಾನ್ಯವಾಗಿ ಕಡಿಮೆ ಬೆಲೆಯವನೇ ಗೆಲ್ಲುತ್ತಾನೆ. ಒಳ್ಳೆ ಮಾಲು ತಂದ ವಿದೇಶಿಯವರು ಇಲ್ಲಿ ಸೋತಿದ್ದನ್ನು ನೋಡಿದ್ದೇನೆ. ಸೋತ ಮೇಲೆ ಅವರು ಮೊದಲು ಮಾಡುವ ಕೆಲಸ ಕೆಳಗಿನ ವೆಂಡರ್ ರೇಟ್ ಕುಯ್ಯುವುದು.

ಇವುಗಳ ಜೊತೆ ಇನ್ನೊಂದನ್ನು ನೇರವಾಗಿ ಕೇಳಿ: ನಿಮಗೆ ಆಫ್‌ಸೆಟ್ ಹೊಣೆ ಇದೆಯಾ? ಭಾರತ ಹೊರಗಿಂದ ದೊಡ್ಡ ರಕ್ಷಣಾ ಮಾಲು ಕೊಂಡಾಗ ಮಾರಿದವರು ಒಪ್ಪಂದದ ಒಂದು ಪಾಲಿನಷ್ಟು ಕೆಲಸವನ್ನು ಇಲ್ಲಿಯೇ ಮಾಡಿಸಬೇಕು ಅನ್ನೋ ನಿಯಮ 2005ರಿಂದ ಇದೆ. ಮೊದಲು 300 ಕೋಟಿ ದಾಟಿದ ಖರೀದಿಗೆ ಅನ್ವಯಿಸುತ್ತಿತ್ತು, 2016ರಲ್ಲಿ ಆ ಗಡಿ 2,000 ಕೋಟಿಗೆ ಏರಿತು. ಆಫ್‌ಸೆಟ್‌ನಿಂದ ಬಂದ ಕೆಲಸ ಒಳ್ಳೆಯದೇ. ಆದರೆ ಹೊಣೆ ತೀರಿದ ದಿನ ಕೆಲಸವೂ ತೀರಬಹುದು. ಅದು ಮೂರು ವರ್ಷದ್ದಾದರೆ ಏಳು ವರ್ಷದ ಸಾಲ ಮಾಡಬೇಡಿ.

ಸರ್ಕಾರಿ ಕಂಪನಿ ಅನ್ಯಾಯವಾಗಿ ತಡೆದರೆ ಕೇಳುವವರು ಇದ್ದಾರಾ ಅಂತ ನಿಮ್ಮ ಕಾಕಾ ಕೇಳಬಹುದು. ಇದ್ದಾರೆ. ಕೋಲ್ ಇಂಡಿಯಾ ತಾನು ಸ್ಪರ್ಧಾ ಕಾಯ್ದೆಗೆ ಒಳಪಡುವುದಿಲ್ಲ ಅಂತ ವಾದಿಸಿತ್ತು. ಜೂನ್ 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಸರ್ಕಾರಿ ಕಂಪನಿಗೂ ಆ ಕಾಯ್ದೆ ಅನ್ವಯಿಸುತ್ತದೆ. ಆದರೆ ಇಂಥ ಕೇಸು ನಡೆಸುವ ತಾಕತ್ತು ದೊಡ್ಡವರಿಗಿದೆ. ನಿಮ್ಮ ಯೋಜನೆ ಕೋರ್ಟಿನ ಮೇಲೆ ನಿಂತಿರಬಾರದು.

ಇನ್ನು ನಿಮ್ಮ ಎರಡು ಕೋಟಿಯ ವಿಷಯ. ನನಗೆ ಕಾಣುವ ದಾರಿಗಳು ಹೀಗಿವೆ.

ಈಗಲೇ ಮನೆ ಅಡ ಇಟ್ಟು ಮಷಿನ್ ತರುವುದು ಒಂದು. ಅವರು ಕೊಟ್ಟಿರುವುದು ಬಹುಶಃ ‘ಅಂದಾಜು ಪ್ರಮಾಣ’ ಅಂತ ಬರೆದ ಪತ್ರ. ಅದು ಪರ್ಚೇಸ್ ಆರ್ಡರ್ ಅಲ್ಲ. ಬ್ಯಾಂಕಿನವರು ಅದನ್ನು ಫೈಲಿಗೆ ಹಾಕಿಕೊಳ್ಳಬಹುದು, ಸಾಲವನ್ನೂ ಕೊಡಬಹುದು. ಆದರೆ ಮಷಿನ್ ಬಂದ ಮೇಲೂ ಕೆಲಸ ತಕ್ಷಣ ಶುರುವಾಗುವುದಿಲ್ಲ. ಮೊದಲ ಪೀಸ್ ಮಾಡಿ, ಡ್ರಾಯಿಂಗಿನ ಪ್ರತಿ ಅಳತೆಯನ್ನೂ ಸಿಎಂಎಂ ಅನ್ನುವ ಅಳತೆ ಯಂತ್ರದಲ್ಲಿ ನೋಡಿ, ವರದಿ ಕಳಿಸಬೇಕು. ಒಂದು ರಂಧ್ರದ ಒಳಮೈ ನಯ ಸರಿ ಇಲ್ಲ ಅಂದರೆ ಮತ್ತೆ ಮೊದಲಿಂದ. ಅವರ ಒಪ್ಪಿಗೆ, ಆಮೇಲೆ ಅವರ ಗಿರಾಕಿಯ ಒಪ್ಪಿಗೆ. ವಿಮಾನದ ಕೆಲಸ ಆದರೆ ಎಎಸ್ 9100 ಸರ್ಟಿಫಿಕೇಟ್ ಬೇರೆ ಬೇಕು. ಇಲ್ಲೇ ಹತ್ತಿರದ ಒಂದು ಯುನಿಟ್ ಹೀಗೇ ಪತ್ರ ನಂಬಿ ಮಷಿನ್ ತಂದಿತು. ಒಪ್ಪಿಗೆ ಬರುವ ಹೊತ್ತಿಗೆ ಕಂತಿಗಾಗಿ ಅದೇ ದುಬಾರಿ ಮಷಿನ್ ಮೇಲೆ ಸಾಧಾರಣ ಫ್ಲ್ಯಾಂಜ್ ಕೊರೆಯುವ ಸ್ಥಿತಿ ಬಂದಿತ್ತು. ಈ ದಾರಿ ನನಗೆ ಬೇಡ.

ಸದ್ಯದ ವಿಎಂಸಿಗಳಲ್ಲೇ ಮಾಡಬಹುದಾದ ಭಾಗಗಳನ್ನು ಮೊದಲು ತಗೊಳ್ಳುವುದು ಎರಡನೆಯ ದಾರಿ. ಎಲ್ಲ ಭಾಗಕ್ಕೂ ಫೈವ್ ಆಕ್ಸಿಸ್ ಬೇಕಿಲ್ಲ. ಒಳ್ಳೆ ಫಿಕ್ಸ್ಚರ್ (ಭಾಗವನ್ನು ಹಿಡಿದಿಡುವ ಸಲಕರಣೆ) ಮಾಡಿಕೊಂಡು ಎರಡು ಮೂರು ಸೆಟಪ್‌ನಲ್ಲಿ ಆಗುವ ಕೆಲಸ ಇರುತ್ತದೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಲಾಭ ಕಡಿಮೆ. ಆದರೆ ವೆಂಡರ್ ಕೋಡ್ (ಅವರ ಸರಬರಾಜುದಾರರ ಪಟ್ಟಿಯಲ್ಲಿ ನಿಮ್ಮ ಸಂಖ್ಯೆ) ಸಿಗುತ್ತದೆ, ಅವರು ಹೇಗೆ ಪೇಮೆಂಟ್ ಕೊಡುತ್ತಾರೆ ಗೊತ್ತಾಗುತ್ತದೆ, ನಿಮ್ಮ ಹುಡುಗರ ಕೈ ಪಳಗುತ್ತದೆ. ಅವರು ನಿಮಗಾಗಿ ಕಾಯದೆ ಹತ್ತಿರದ ಇನ್ನೊಬ್ಬರ ಹತ್ತಿರ ಹೋಗಬಹುದು ಅನ್ನೋದು ಇದರ ಅಪಾಯ. ಕೆಲಸ ಚೆನ್ನಾಗಿದ್ದರೆ ಅಷ್ಟು ಬೇಗ ಹೋಗುವುದಿಲ್ಲ.

ಅವರೇ ಮಷಿನ್ ತಂದು ನಿಮ್ಮ ಶೆಡ್‌ನಲ್ಲಿ ಇಡುವುದು, ಅಥವಾ ಅರ್ಧ ಖರ್ಚನ್ನು ಟೂಲಿಂಗ್ ಅಡ್ವಾನ್ಸ್ ಅಂತ ಕೊಡುವುದು ಮೂರನೆಯದು. ಕೇಳಲು ಸಂಕೋಚ ಬೇಡ, ಇದು ನಡೆಯುವ ಪದ್ಧತಿಯೇ. ಇದರಲ್ಲಿ ಮಷಿನ್ ಅವರದೇ ಆಗಿರುತ್ತದೆ, ಬೇರೆಯವರ ಕೆಲಸ ಅದರ ಮೇಲೆ ಮಾಡಲು ಬಿಡದೆ ಇರಬಹುದು. ಕರೆಂಟ್, ರಿಪೇರಿ, ವಿಮೆ ಯಾರದು ಅಂತ ಮೊದಲೇ ಬರೆಸಿಕೊಳ್ಳಿ.

ಸಾಲ ಮಾಡಲೇಬೇಕು ಅಂತಾದರೆ ಮನೆಗೆ ಕೈ ಹಾಕುವ ಮುಂಚೆ ಬ್ಯಾಂಕಿನವರಿಗೆ ಸಿಜಿಟಿಎಂಎಸ್‌ಇ ಗ್ಯಾರಂಟಿ ಯೋಜನೆ ಬಗ್ಗೆ ಕೇಳಿ. ಸಣ್ಣ ಉದ್ಯಮಗಳಿಗೆ ಆಸ್ತಿ ಅಡ ಇಲ್ಲದೆ ಸಾಲ ಕೊಡಲು ಇರುವ ಯೋಜನೆ ಅದು. ಅದರ ಮಿತಿ 2023ರಲ್ಲಿ 5 ಕೋಟಿ, ಏಪ್ರಿಲ್ 2025ರಿಂದ 10 ಕೋಟಿ ಆಗಿದೆ. ಗ್ಯಾರಂಟಿ ಶುಲ್ಕ ಕಟ್ಟಬೇಕು, ನಿಮ್ಮ ಸ್ವಂತ ಜಾಮೀನೂ ಕೇಳುತ್ತಾರೆ. ಆದರೂ ಮನೆಯ ಪತ್ರ ಬ್ಯಾಂಕಿನ ಕಪಾಟಿಗೆ ಹೋಗುವುದಿಲ್ಲ. ಮ್ಯಾನೇಜರ್ ಅದರ ಮಾತೇ ಎತ್ತದಿದ್ದರೆ ನೀವೇ ಎತ್ತಿ.

ಪರ್ಚೇಸ್ ಆರ್ಡರ್ ಯಾರ ಹೆಸರಿನಿಂದ ಬರುತ್ತದೆ ಅನ್ನೋದು ತುಂಬಾ ಮುಖ್ಯ. ಭಾರತದಲ್ಲಿ ನೋಂದಾಯಿತ ಕಂಪನಿಯಿಂದ ಬಂದರೆ, ನಿಮ್ಮ ಉದ್ಯಮ್ ನೋಂದಣಿ ಇದ್ದರೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು ಅಂತ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಯುರೋಪಿನ ಮೂಲ ಕಂಪನಿಯಿಂದಲೇ ಬಂದರೆ ಈ ಕಾಯ್ದೆ ಹಿಡಿದು ಅಲ್ಲಿ ವಸೂಲಿ ಮಾಡುವುದು ಕಷ್ಟ. ಆಗ ಇಸಿಜಿಸಿಯ ರಫ್ತು ವಿಮೆ ಮಾಡಿಸಿ. ಮುಂದೆ ನೀವೇ ನೇರವಾಗಿ ಸರ್ಕಾರಿ ಕಂಪನಿಗೆ ಮಾಲು ಕೊಡುವಂತಾದರೆ ಬಿಲ್ಲನ್ನು ಟ್ರೆಡ್ಸ್ ವೇದಿಕೆಯಲ್ಲಿ ಹಾಕಿ ಮುಂಚೆಯೇ ಹಣ ಪಡೆಯಬಹುದು. ಕೇಂದ್ರದ ಸಂಸ್ಥೆಗಳು ತಮ್ಮ ಖರೀದಿಯಲ್ಲಿ ಶೇಕಡಾ 25ನ್ನು ಸಣ್ಣ ಉದ್ಯಮಗಳಿಂದ ಕೊಳ್ಳಬೇಕು ಅನ್ನೋ ನಿಯಮವೂ ನಿಮ್ಮ ಪರವಾಗಿದೆ. ಹಾಗಾಗಿ ವಿದೇಶಿಯವರ ಜೊತೆ ಕೆಲಸ ಮಾಡುತ್ತಲೇ ಸರ್ಕಾರಿ ಸಂಸ್ಥೆಗಳ ವೆಂಡರ್ ಪಟ್ಟಿಗೆ ನಿಮ್ಮ ಸ್ವಂತ ಹೆಸರಿನಲ್ಲೂ ಅರ್ಜಿ ಹಾಕಿ. ಬೇರೆಯವರಿಗೆ ಮಾಡಿಕೊಡಬಾರದು ಅನ್ನೋ ಸಾಲು ಒಪ್ಪಂದದಲ್ಲಿ ಇದ್ದರೆ ಅದನ್ನು ತೆಗೆಸಿ. ಅವರ ಡ್ರಾಯಿಂಗ್ ಕಾಪಾಡುವ ಷರತ್ತು ನ್ಯಾಯ. ನಿಮ್ಮ ಮಷಿನ್ ಸಮಯವನ್ನೆಲ್ಲ ಕಟ್ಟಿಹಾಕುವುದು ನ್ಯಾಯವಲ್ಲ.

ನನ್ನನ್ನು ಕೇಳಿದರೆ ಎರಡನೆಯ ದಾರಿ ಹಿಡಿದು ಮೂರನೆಯದಕ್ಕೆ ಮಾತು ಮುಂದುವರಿಸಿ. ಫೈವ್ ಆಕ್ಸಿಸ್ ಬೇಕಾಗುವ ದಿನ ಬರಬಹುದು. ಅವತ್ತು ಆ ಮಷಿನ್‌ನ ಕಂತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸರ್ಕಾರಿ ಟೆಂಡರ್ ಒಂದನ್ನೇ ನೆಚ್ಚಿಕೊಂಡಿರಬಾರದು. ರಫ್ತಿನ ಕೆಲಸ, ನಿಮ್ಮ ಹಳೆಯ ಹೈಡ್ರಾಲಿಕ್ ಗಿರಾಕಿಗಳು, ಈ ಹೊಸ ಕಂಪನಿ, ಮೂರೂ ಸೇರಿ ಕಂತು ಕಟ್ಟುವ ಹಾಗಿದ್ದರೆ ಧೈರ್ಯವಾಗಿ ತನ್ನಿ.

ಮುಂದಿನ ಸಲ ಅವರು ಬಂದಾಗ ಮೂರು ಕಾಗದ ಕೇಳಿ. ಯಾವ ಟೆಂಡರ್‌ಗೆ ಅಥವಾ ಯಾವ ಗಿರಾಕಿಗೆ ಈ ಭಾಗಗಳು ಹೋಗುತ್ತವೆ ಅನ್ನೋ ಲಿಖಿತ ವಿವರ. ಆರ್‌ಡಿಎಸ್‌ಒ ಅಥವಾ ಎಚ್‌ಎಎಲ್ ಒಪ್ಪಿಗೆ ಈಗ ಯಾವ ಹಂತದಲ್ಲಿದೆ ಅನ್ನೋದಕ್ಕೆ ಪತ್ರ. ಮೊದಲ ವರ್ಷಕ್ಕೆ ಇಷ್ಟು ಕೆಲಸವನ್ನಾದರೂ ಕೊಟ್ಟೇ ಕೊಡುತ್ತೇವೆ, ಕೊಡದಿದ್ದರೆ ಇಷ್ಟು ಹಣ ತುಂಬಿಕೊಡುತ್ತೇವೆ ಅನ್ನೋ ಷರತ್ತಿನ ಕರಡು. ಈ ಮೂರನ್ನೂ ನಿಮ್ಮ ಸಿಎಗೆ ತೋರಿಸಿ. ಅವು ಕೈಗೆ ಬರುವ ತನಕ ಮಷಿನ್ ಡೀಲರ್‌ಗೆ ಅಡ್ವಾನ್ಸ್ ಕೊಡಬೇಡಿ.